ಮತಗಟ್ಟೆ ಊರಿನಲ್ಲಿ, ಮತದಾರ ನಡುಗಡಲಿನಲ್ಲಿ

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ನಮ್ಮ ದೊಡ್ಡ ಚುನಾವಣೆಗಳು ಬರುವುದು ಅದಕ್ಕೂ ಮುಂಚೆ. ಉತ್ತರ ಕನ್ನಡದಲ್ಲಿ ವಿಧಾನಸಭೆಗೆ ಮತದಾನ ನಡೆದದ್ದು 2023ರ ಮೇ 10ರಂದು, ಲೋಕಸಭೆಗೆ 2024ರ ಮೇ 7ರಂದು. ಮುಂದೆ ಎರಡು ತಿಂಗಳು ಕೈಕಟ್ಟಿ ಕೂರಬೇಕಾದವರು ಆದಷ್ಟು ದುಡಿದಿಟ್ಟುಕೊಳ್ಳುವ ದಿನಗಳವು. ಕಾರವಾರದ ಬೈತಖೋಲ, ಬೇಲೇಕೇರಿ, ತದಡಿ, ಕಾಸರಕೋಡು, ಭಟ್ಕಳದ ಬಂದರುಗಳಿಂದ ಬೋಟುಗಳು ಮಂಜುಗಡ್ಡೆ, ಡೀಸೆಲ್, ಅಕ್ಕಿ, ಕುಡಿಯುವ ನೀರು ತುಂಬಿಕೊಂಡು ಆಳಸಮುದ್ರಕ್ಕೆ ಹೊರಟರೆ ಮರಳುವುದು ವಾರದ ಮೇಲೆ. ನಮ್ಮ ಎಷ್ಟೋ ಹುಡುಗರು ಗೋವಾದ, ಮಲ್ಪೆಯ ಬೋಟುಗಳಲ್ಲಿಯೂ ಇರುತ್ತಾರೆ.

ಇವರೆಲ್ಲರ ಹೆಸರು ಪಟ್ಟಿಯಲ್ಲಿದೆ. ಗುರುತಿನ ಚೀಟಿ ಮನೆಯ ಟ್ರಂಕಿನಲ್ಲಿದೆ. ಮತಗಟ್ಟೆಯೋ, ಮನೆಯಿಂದ ಕೂಗಳತೆಯ ದೂರದಲ್ಲಿರುವ ಶಾಲೆಯ ಕೋಣೆ. ಆದರೂ ಮತ ಹಾಕಲು ಆಗುವುದಿಲ್ಲ. ಒಂದು ಮತಕ್ಕಾಗಿ ಬೋಟನ್ನು ನಡುವೆಯೇ ತಿರುಗಿಸೆಂದು ಬೋಟಿನ ಮುಖ್ಯಸ್ಥನಾದ ತಾಂಡೇಲನಿಗೆ ಹೇಳುವ ಖಲಾಸಿ ಯಾರಿದ್ದಾನೆ? ತಿರುಗಿಸಿದರೆ ಡೀಸೆಲಿನ ಲೆಕ್ಕವೂ ಹೋಯಿತು, ಎಲ್ಲರ ಪಾಲೂ ಹೋಯಿತು.

ಯಾವ ದೇಶದಲ್ಲಿ ಮತ ಹಾಕುವುದು ಸುಲಭ ಎಂಬ ಚರ್ಚೆ ಬಂದಾಗಲೆಲ್ಲ ನಾವು ಮತದಾನದ ಪ್ರಮಾಣವನ್ನು ಮುಂದಿಡುತ್ತೇವೆ. ಆ ಅಂಕಿ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. 2024ರಲ್ಲಿ ಉತ್ತರ ಕನ್ನಡ ಕ್ಷೇತ್ರದಲ್ಲಿ ಶೇ 76ರ ಆಸುಪಾಸಿನಲ್ಲಿ ಮತದಾನವಾಯಿತು. ಮನೆ ಬಾಗಿಲಿಗೇ ಮತಗಟ್ಟೆ ಇರುವ ಬೆಂಗಳೂರಿನ ಮೂರು ನಗರ ಕ್ಷೇತ್ರಗಳು ಶೇ 55ನ್ನೂ ದಾಟಲಿಲ್ಲ. ಮನಸ್ಸಿಲ್ಲದೆ ಮನೆಯಲ್ಲಿ ಉಳಿದವನನ್ನೂ ಮನಸ್ಸಿದ್ದೂ ಬರಲಾಗದವನನ್ನೂ ಈ ಅಂಕಿ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ: ಮತದಾರನನ್ನು ಹುಡುಕಿಕೊಂಡು ಹೋಗುವ ಕೆಲಸ ಸರ್ಕಾರದ್ದೋ, ಸರ್ಕಾರವನ್ನು ಹುಡುಕಿಕೊಂಡು ಬರುವ ಕೆಲಸ ಮತದಾರನದ್ದೋ? ಪಟ್ಟಿಗೆ ಹೆಸರು ಸೇರಿಸುವಲ್ಲಿ ಒಮ್ಮೆ, ಮತ ಹಾಕುವಲ್ಲಿ ಇನ್ನೊಮ್ಮೆ, ಪ್ರತಿ ದೇಶವೂ ಇದಕ್ಕೆ ಉತ್ತರ ಕೊಟ್ಟುಕೊಂಡಿದೆ.

ಸ್ವೀಡನ್ನಿನಲ್ಲಿ ಮತದಾರರ ನೋಂದಣಿಗೆಂದು ಅರ್ಜಿಯೇ ಇಲ್ಲ. ಅಲ್ಲಿನ ತೆರಿಗೆ ಇಲಾಖೆ ದೇಶದ ನಿವಾಸಿಗಳೆಲ್ಲರ ದಾಖಲೆ ಇಟ್ಟಿರುತ್ತದೆ. ಮತದಾರರ ಪಟ್ಟಿ ಅದರಿಂದಲೇ ತಯಾರಾಗುತ್ತದೆ, ಮತದಾನದ ಚೀಟಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಜರ್ಮನಿಯಲ್ಲಿಯೂ ಹೀಗೆಯೇ. ಮನೆ ಬದಲಿಸಿದವರು ಸ್ಥಳೀಯ ಕಚೇರಿಯಲ್ಲಿ ವಿಳಾಸ ಬರೆಸುವುದು ಕಡ್ಡಾಯವಾದ್ದರಿಂದ ಮತದಾರರ ಪಟ್ಟಿ ತಾನಾಗಿಯೇ ಸರಿಹೋಗುತ್ತಿರುತ್ತದೆ.

ಅಮೆರಿಕದಲ್ಲಿ ರಾಜ್ಯಕ್ಕೊಂದು ನ್ಯಾಯ. ನಾರ್ತ್ ಡಕೋಟಾದಲ್ಲಿ ನೋಂದಣಿ ಎಂಬುದೇ ಇಲ್ಲ. ಮಿನ್ನೆಸೋಟಾದಲ್ಲಿ ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ಬರೆಸಿ ಮತ ಹಾಕಬಹುದು. ಟೆಕ್ಸಾಸಿನಲ್ಲಿ 30 ದಿನ ಮೊದಲೇ ಬಾಗಿಲು ಮುಚ್ಚುತ್ತದೆ. ಒರೆಗಾನ್ ರಾಜ್ಯ 2016ರಿಂದ ವಾಹನ ಚಾಲನಾ ಪರವಾನಗಿಯ ದಾಖಲೆಯಿಂದಲೇ ಹೆಸರುಗಳನ್ನು ಪಟ್ಟಿಗೆ ಸೇರಿಸುತ್ತಿದೆ, ಮತಪತ್ರವನ್ನೂ ಅಂಚೆಯಲ್ಲಿಯೇ ಕಳುಹಿಸುತ್ತದೆ. ಇಷ್ಟೆಲ್ಲ ಇದ್ದೂ ಮತದಾನದ ದಿನ ಮಾತ್ರ ನವೆಂಬರಿನ ಒಂದು ಮಂಗಳವಾರ, 1845ರ ಕಾನೂನಿನ ಪ್ರಕಾರ, ದೇಶವ್ಯಾಪಿ ರಜೆಯೂ ಇಲ್ಲದೆ. ಒಂದೇ ದೇಶದ ಪ್ರಜೆಗೆ ರಾಜ್ಯದ ಗಡಿ ದಾಟಿದೊಡನೆ ಹಕ್ಕಿನ ಭಾರ ಹೆಚ್ಚು ಕಡಿಮೆಯಾಗುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಆಸ್ಟ್ರೇಲಿಯಾ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಹೆಸರು ನೋಂದಾಯಿಸುವುದೂ ಕಡ್ಡಾಯ, 1924ರಿಂದ ಮತ ಹಾಕುವುದೂ ಕಡ್ಡಾಯ. ಸಕಾರಣವಿಲ್ಲದೆ ತಪ್ಪಿಸಿದವರಿಗೆ 20 ಡಾಲರ್ ದಂಡ. ದಂಡದ ಸುದ್ದಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ದಂಡ ಹಾಕುವ ಮೊದಲು ಆ ಸರ್ಕಾರ ತನ್ನ ಪಾಲಿನ ಕೆಲಸವನ್ನು ಎಷ್ಟು ಮಾಡುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮತದಾನ ಶನಿವಾರ. ತನ್ನ ರಾಜ್ಯದೊಳಗೆ ಯಾವ ಮತಗಟ್ಟೆಗೆ ಹೋದರೂ ತನ್ನ ಕ್ಷೇತ್ರದ ಮತಪತ್ರ ಸಿಗುತ್ತದೆ. ಮೊದಲೇ ಹಾಕಬಹುದು, ಅಂಚೆಯಲ್ಲಿ ಹಾಕಬಹುದು. ದೂರದ ಜನವಸತಿಗಳಿಗೂ ಆಸ್ಪತ್ರೆಗಳಿಗೂ ಸಂಚಾರಿ ತಂಡಗಳು ಹೋಗುತ್ತವೆ. ಒಂದೆಡೆ ನೆಲೆ ನಿಲ್ಲದೆ ಊರೂರು ಸುತ್ತುವವರಿಗೆ ಪ್ರತ್ಯೇಕ ನೋಂದಣಿಯೇ ಇದೆ. ಬಾರದೆ ಉಳಿಯಲು ಕಾರಣಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದ ಮೇಲೆ ಬಂದ ದಂಡ ಅದು.

ಪಟ್ಟಿ ತಾನಾಗಿಯೇ ತಯಾರಾದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಚಿಲಿಯತ್ತ ನೋಡಬೇಕು. ಆ ದೇಶ 2012ರಲ್ಲಿ ನೋಂದಣಿಯನ್ನು ಸ್ವಯಂಚಾಲಿತಗೊಳಿಸಿ, ಮತದಾನವನ್ನು ಐಚ್ಛಿಕಗೊಳಿಸಿತು. ಪಟ್ಟಿ ಹಿಗ್ಗಿತು, ಮತಗಟ್ಟೆಗೆ ಬರುವವರು ಕಡಿಮೆಯಾದರು. 2021ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿಗೆ ಅರ್ಧದಷ್ಟು ಜನವೂ ಬರಲಿಲ್ಲ. ಮರುವರ್ಷ ಸಂವಿಧಾನದ ಕರಡಿನ ಮೇಲೆ ಜನಮತಗಣನೆ ಕಡ್ಡಾಯವಾಗಿ ನಡೆದಾಗ ಶೇ 85ಕ್ಕೂ ಹೆಚ್ಚು ಮಂದಿ ಬಂದರು. ಪಟ್ಟಿಯಲ್ಲಿ ಹೆಸರಿರುವುದು ಒಂದು ಮಾತು, ಮತಗಟ್ಟೆಯವರೆಗೆ ಹೋಗುವುದು ಇನ್ನೊಂದು.

ಇನ್ನು ನಮ್ಮ ದೇಶ. ಪಟ್ಟಿಯ ವಿಷಯದಲ್ಲಿ ಭಾರತದ ಹಳೆಯ ಪದ್ಧತಿ ಉದಾರವಾದದ್ದು ಎಂದು ನಾನು ಗೌರವದಿಂದಲೇ ಹೇಳುತ್ತೇನೆ. ಅರ್ಜಿ ನಾವು ಕೊಡಬೇಕು ನಿಜ, ಆದರೆ ಪ್ರತಿ ಮತಗಟ್ಟೆಗೂ ಒಬ್ಬರು ಮತಗಟ್ಟೆ ಮಟ್ಟದ ಅಧಿಕಾರಿ ಇದ್ದಾರೆ. ಬಿಎಲ್‌ಒ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಬಹಳ ಕಡೆ ಅವರು ನಮ್ಮದೇ ಕೇರಿಯ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲಾ ಶಿಕ್ಷಕಿ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೆ ಮತ್ತು ತಿದ್ದುಪಡಿಗೆ ನಮೂನೆ 8, ಹೆಸರು ತೆಗೆಯಲು ನಮೂನೆ 7. ವಿಳಾಸಕ್ಕೆ ಯಾವ ಕಾಗದವೂ ಇಲ್ಲದವರ ಮನೆಗೆ ಬಿಎಲ್‌ಒ ಹೋಗಿ ಖುದ್ದು ನೋಡಿ ಬರೆದುಕೊಳ್ಳಬೇಕು. ಸೂರೇ ಇಲ್ಲದವರ ವಿಚಾರದಲ್ಲಿ ಚುನಾವಣಾ ಆಯೋಗದ ಸೂಚನೆ ಇನ್ನೂ ಮುಂದೆ ಹೋಗುತ್ತದೆ: ಅವರು ಮಲಗುವ ಜಾಗಕ್ಕೆ ರಾತ್ರಿ ಹೊತ್ತು ಹೋಗಿ, ಅಲ್ಲೇ ಮಲಗುತ್ತಾರೆಂದು ಖಚಿತ ಮಾಡಿಕೊಂಡು ಪಟ್ಟಿಗೆ ಸೇರಿಸಬೇಕು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗಿದವನನ್ನು ಸರ್ಕಾರಿ ನೌಕರ ಮತಕ್ಕಾಗಿ ಹುಡುಕಿಕೊಂಡು ಹೋಗಬೇಕೆಂದು ಬರೆದಿಟ್ಟ ದೇಶ ಸಣ್ಣದಲ್ಲ. ಹದಿನೆಂಟು ತುಂಬಿದವರು ಮುಂದಿನ ಜನವರಿಯವರೆಗೆ ಕಾಯಬೇಕಿದ್ದದ್ದೂ ತಪ್ಪಿದೆ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ನಾಲ್ಕೂ ಅರ್ಹತಾ ದಿನಾಂಕಗಳಾಗಿವೆ.

ಈ ಉದಾರತೆಗೆ ಈಗ ಆತಂಕ ಬಂದಿರುವುದು ವಿಶೇಷ ತೀವ್ರ ಪರಿಷ್ಕರಣೆಯಿಂದ, ಅಂದರೆ ಮತದಾರರಿಂದ ಹೊಸದಾಗಿ ನಮೂನೆ ಪಡೆದು ಪಟ್ಟಿಯನ್ನು ಮತ್ತೆ ಬರೆಯುವ ಕೆಲಸದಿಂದ. 2025ರ ಜೂನ್‌ನಲ್ಲಿ ಬಿಹಾರದಲ್ಲಿ ಅದು ಆರಂಭವಾದಾಗ ಪಟ್ಟಿಯಲ್ಲಿ 7.89 ಕೋಟಿ ಹೆಸರುಗಳಿದ್ದವು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದವು. ಬಿಟ್ಟ ಹೆಸರುಗಳನ್ನು ಕಾರಣಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು, ಆಧಾರ್ ಅನ್ನೂ ಒಪ್ಪಿಕೊಳ್ಳಿ ಎಂದು ಹೇಳಬೇಕಾಯಿತು. ಸತ್ತವರ ಹೆಸರು, ಊರು ಬಿಟ್ಟವರ ಹೆಸರು, ಎರಡೆರಡು ಕಡೆ ಇರುವ ಹೆಸರು ಪಟ್ಟಿಯಿಂದ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಭಾರ ಯಾರ ಹೆಗಲಿಗೆ ಬಿತ್ತು ಎಂಬುದರ ಬಗ್ಗೆ. ಪಟ್ಟಿಯಲ್ಲಿ ಈಗಾಗಲೇ ಇರುವವನೂ ನಮೂನೆ ತುಂಬಿ ಸಹಿ ಹಾಕಿ ಕೊಡದಿದ್ದರೆ ಕರಡಿನಲ್ಲಿ ಅವನ ಹೆಸರಿಲ್ಲ. ಹೆಸರು ತೆಗೆಯುವವರು ಕಾರಣ ತೋರಿಸಬೇಕಿದ್ದ ಕಡೆ, ಹೆಸರು ಉಳಿಸಿಕೊಳ್ಳುವವರು ದಾಖಲೆ ತೋರಿಸುವಂತಾಯಿತು.

ಆ ಪರಿಷ್ಕರಣೆಯ ಎರಡನೆಯ ಹಂತ 2025ರ ನವೆಂಬರ್‌ನಲ್ಲಿ ಗೋವಾಕ್ಕೂ ಬಂತು. ಅಂದರೆ ಕಾರವಾರದ ಬಾಗಿಲಿಗೇ ಬಂತು. ಮಾಜಾಳಿ, ಸದಾಶಿವಗಡದಿಂದ ದಿನಾ ಗಡಿ ದಾಟಿ ಗೋವಾದಲ್ಲಿ ದುಡಿದು ಬರುವವರಿದ್ದಾರೆ. ಅಲ್ಲಿಯೇ ಬಾಡಿಗೆ ಕೋಣೆ ಹಿಡಿದವರಿದ್ದಾರೆ. ಮದುವೆಯಾಗಿ ಕಾಣಕೋಣ, ಮಡಗಾಂವ ಸೇರಿದ ಹೆಣ್ಣುಮಕ್ಕಳಿದ್ದಾರೆ. ಹಾಗೆ ಕುಮಟಾದಿಂದ ಮದುವೆಯಾಗಿ ಹೋದ ಒಬ್ಬಳ ಸ್ಥಿತಿ ನೋಡಿ. ಹಳೆಯ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತನ್ನದೋ ತಂದೆ ತಾಯಿಯದೋ ಹೆಸರು ತೋರಿಸಿದರೆ ಬೇರೆ ದಾಖಲೆ ಬೇಡ. ಅವಳ ತಂದೆ ತಾಯಿಯ ಹೆಸರಿರುವುದು ಬೇರೆ ರಾಜ್ಯದ, ಕನ್ನಡದಲ್ಲಿ ಮುದ್ರಿಸಿದ, ಇಪ್ಪತ್ತು ವರ್ಷಕ್ಕೂ ಹಳೆಯ ಪಟ್ಟಿಯಲ್ಲಿ. ತಂದೆಯ ಹೆಸರಿನ ಒಂದು ಅಕ್ಷರ ಅಲ್ಲಿ ಬೇರೆಯಿದ್ದರೆ, ಮನೆ ಸಂಖ್ಯೆ ಬದಲಾಗಿದ್ದರೆ ಅವಳು ಅಣ್ಣನಿಗೆ ಫೋನ್ ಮಾಡಬೇಕು, ಅಣ್ಣ ಒಂದು ದಿನದ ದುಡಿಮೆ ಬಿಟ್ಟು ತಹಶೀಲ್ದಾರ್ ಕಚೇರಿಗೆ ಅಲೆಯಬೇಕು.

ಇದೇ ಪ್ರಕ್ರಿಯೆಗೆ ಬಿಹಾರದಲ್ಲಿ ಮೊದಲು ಕೊಟ್ಟ 11 ದಾಖಲೆಗಳ ಪಟ್ಟಿಯಲ್ಲಿ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಹತ್ತನೆಯ ತರಗತಿಯ ಅಂಕಪಟ್ಟಿಗಳ ಜೊತೆ, ಅರಣ್ಯಭೂಮಿ ಸಾಗು ಮಾಡುತ್ತ ಬಂದವರಿಗೆ ಸರ್ಕಾರ ಕೊಡುವ ಅರಣ್ಯ ಹಕ್ಕು ಪತ್ರವೂ ಇತ್ತು. ಪಡಿತರ ಚೀಟಿ ಇರಲಿಲ್ಲ, ಚುನಾವಣಾ ಆಯೋಗವೇ ಕೊಟ್ಟ ಗುರುತಿನ ಚೀಟಿಯೂ ಇರಲಿಲ್ಲ. ಉತ್ತರ ಕನ್ನಡದಲ್ಲಿ ಅರಣ್ಯ ಹಕ್ಕು ಪತ್ರ ಎಂದರೆ ಏನೆಂದು ಸಿರ್ಸಿಯ, ಯಲ್ಲಾಪುರದ, ಜೋಯಿಡಾದ ಯಾರನ್ನಾದರೂ ಕೇಳಿ. ಈ ಜಿಲ್ಲೆಯಲ್ಲಿ ಸಾವಿರಾರು ಕುಟುಂಬಗಳು ಅರ್ಜಿ ಹಾಕಿವೆ, ಬಹುಪಾಲು ಅರ್ಜಿಗಳು ತಿರಸ್ಕೃತವಾಗಿವೆ. ಅಜ್ಜನ ಕಾಲದಿಂದ ಅದೇ ಗದ್ದೆ ಮಾಡಿಕೊಂಡು, ಅದೇ ಮತಗಟ್ಟೆಯಲ್ಲಿ ಮತ ಹಾಕುತ್ತ ಬಂದವರು ಸರ್ಕಾರದ ಕಡತದಲ್ಲಿ ಇಂದಿಗೂ ಅತಿಕ್ರಮಣದಾರರು. ಅವರಿಗೆ ಮತದಾರರ ಪಟ್ಟಿಯೊಂದೇ ಯಾವ ತಕರಾರೂ ಇಲ್ಲದೆ ಹೆಸರು ಬರೆದುಕೊಂಡ ಸರ್ಕಾರಿ ಪುಸ್ತಕ. ಅದನ್ನೂ ದಾಖಲೆಗಳ ಪರೀಕ್ಷೆಗೆ ಒಡ್ಡುವುದಾದರೆ ಈ ಜಿಲ್ಲೆಯ ಬೆಟ್ಟದ ಬದಿಯಲ್ಲಿ ಯಾವ ಕಾಗದ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ತಿಳಿದೇ ಒಡ್ಡಬೇಕು.

ತೆಗೆಯುವ ನಮೂನೆಯ ಬಗ್ಗೆಯೂ ಒಂದು ಮಾತು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುನ್ನ ಹೆಸರು ತೆಗೆಯಿರಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಅಲ್ಲಿ ಹೆಸರುಗಳು ಉಳಿದದ್ದು ಮನೆಗೆ ಹೋಗಿ ನೋಡುವ ಪದ್ಧತಿಯಿಂದ. ಕುಳಿತಲ್ಲಿಂದಲೇ ಸೇರಿಸುವ ಸುಲಭವನ್ನು ಬೇಡುವಾಗ, ಕುಳಿತಲ್ಲಿಂದಲೇ ಬೇರೆಯವರ ಹೆಸರನ್ನು ತೆಗೆಸುವ ಸುಲಭವೂ ಅದರ ಬೆನ್ನಿಗೇ ಬರುತ್ತದೆಂಬುದನ್ನು ಮರೆಯಬಾರದು.

ಇಷ್ಟಾದರೂ ಪಟ್ಟಿಯ ವಿಷಯದಲ್ಲಿ ನಾವು ಗೆದ್ದ ಹೋರಾಟಗಳು ಬಹಳ. ಸೋತಿರುವುದು ಮತಗಟ್ಟೆಯ ವಿಷಯದಲ್ಲಿ. ಇದು ವಿಚಿತ್ರವಾಗಿ ಕೇಳಿಸಬಹುದು, ಏಕೆಂದರೆ ಮತಗಟ್ಟೆಯನ್ನು ಜನರ ಬಳಿಗೆ ಒಯ್ಯುವುದರಲ್ಲಿ ಭಾರತಕ್ಕೆ ಸಾಟಿಯಾದ ದೇಶ ಕಡಿಮೆ. ಎರಡು ಕಿಲೋಮೀಟರಿಗಿಂತ ದೂರ ಯಾರೂ ನಡೆಯಬಾರದೆಂಬುದು ನಿಯಮ. ಗಿರ್ ಕಾಡಿನ ಬಾಣೇಜದಲ್ಲಿ ಒಬ್ಬನೇ ಮತದಾರನಿಗಾಗಿ ಮತಗಟ್ಟೆ ತೆರೆದಿದ್ದಾರೆ. 2023ರಲ್ಲಿ ಕರ್ನಾಟಕದಲ್ಲಿ 80 ದಾಟಿದವರ, 2024ರಲ್ಲಿ ದೇಶದಾದ್ಯಂತ 85 ದಾಟಿದವರ ಮತ್ತು ಹೆಚ್ಚಿನ ಅಂಗವೈಕಲ್ಯವಿರುವವರ ಮನೆಗೇ ಸಿಬ್ಬಂದಿ ಹೋದರು. ಸಿರ್ಸಿ, ಸಿದ್ದಾಪುರದ ಕಡೆಯ ಒಂಟಿ ಮನೆಗಳಲ್ಲಿ, ಅಡಿಕೆ ತೋಟದ ನಡುವೆ ವಯಸ್ಸಾದವರಿಬ್ಬರೇ ಇರುವಲ್ಲಿ, ಇದು ಎಂಥ ಉಪಕಾರವೆಂದು ಅಲ್ಲಿಯವರಿಗೆ ಗೊತ್ತು.

ಆದರೆ ಈ ಇಡೀ ಏರ್ಪಾಡು ನಿಂತಲ್ಲೇ ನಿಂತ ಮತದಾರನಿಗಾಗಿ ಮಾಡಿದ್ದು. ಆ ತೋಟದ ಮನೆಯ ಮಗ ಬೆಂಗಳೂರಿನಲ್ಲಿದ್ದಾನೆ. 2024ರಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 26ಕ್ಕೆ, ಸಿರ್ಸಿಯದು ಮೇ 7ರ ಮಂಗಳವಾರ. ಕಾನೂನಿನ ಪ್ರಕಾರ ತನ್ನ ಕ್ಷೇತ್ರದ ಮತದಾನದ ದಿನ ನೌಕರನಿಗೆ ಸಂಬಳಸಹಿತ ರಜೆ ಸಿಗಬೇಕು. ಆ ಒಂದು ದಿನದ ಎರಡೂ ಬದಿಗೆ ಒಂದೊಂದು ರಾತ್ರಿಯ ಬಸ್ ಪ್ರಯಾಣವಿದೆ, ನಡುವಾರದಲ್ಲಿ. ಬೆಂಗಳೂರಿಗೇ ಹೆಸರು ಬದಲಿಸಿಕೊಳ್ಳಲಿ ಎನ್ನಬಹುದು. ಬಾಡಿಗೆ ಮನೆ ವರ್ಷಕ್ಕೊಮ್ಮೆ ಬದಲಾಗುವವನಿಗೆ ಆ ಮಾತು ಸುಲಭವಲ್ಲ. ಕಾನೂನು ಕೂಡ ಅವನ ಪರವಾಗಿಯೇ ಇದೆ: 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 20ನೆಯ ಕಲಮು ತಾತ್ಕಾಲಿಕವಾಗಿ ಊರಿನಿಂದ ಹೊರಗಿದ್ದ ಮಾತ್ರಕ್ಕೆ ಯಾರೂ ಆ ಊರಿನ ಸಾಮಾನ್ಯ ನಿವಾಸಿಯಲ್ಲದೆ ಹೋಗುವುದಿಲ್ಲ ಎನ್ನುತ್ತದೆ. ಬೋಟಿನ ಖಲಾಸಿಗೆ ಆ ಕಲಮು ಪಟ್ಟಿಯಲ್ಲಿ ಜಾಗ ಕೊಡುತ್ತದೆ, ಮತ ಹಾಕಲು ದಾರಿ ಕೊಡುವುದಿಲ್ಲ.

ಭಟ್ಕಳದ ಕಥೆ ಇನ್ನೂ ದೂರದ್ದು. ಕೊಲ್ಲಿ ದೇಶಗಳಲ್ಲಿ ದುಡಿಯುವವರ ಹೆಸರನ್ನು ಊರಿನ ಪಟ್ಟಿಯಲ್ಲಿ ಸೇರಿಸಲು 2010ರ ತಿದ್ದುಪಡಿ ಅವಕಾಶ ಕೊಟ್ಟಿತು. ಮತ ಹಾಕಲು ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಭಟ್ಕಳದ ಮತಗಟ್ಟೆಗೆ ಬರಬೇಕು. 2024ರಲ್ಲಿ ದೇಶದಲ್ಲಿ ಹೀಗೆ ನೋಂದಾಯಿಸಿಕೊಂಡವರು ಸುಮಾರು 1.2 ಲಕ್ಷ, ಬಂದು ಮತ ಹಾಕಿದವರು ಮೂರು ಸಾವಿರವನ್ನೂ ಮುಟ್ಟಲಿಲ್ಲ. ಇವರ ಪರವಾಗಿ ಇನ್ನೊಬ್ಬರು ಮತ ಹಾಕಬಹುದೆಂಬ ಮಸೂದೆಯನ್ನು ಲೋಕಸಭೆ 2018ರಲ್ಲಿ ಒಪ್ಪಿತ್ತು. ರಾಜ್ಯಸಭೆಯಲ್ಲಿ ಪಾಸಾಗದೆ ಅದು ಬಿದ್ದುಹೋಯಿತು. ಅದೇ ಭಟ್ಕಳದವನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ನಿನಲ್ಲಿ ನೆಲೆಸಿದ್ದರೆ, ಕಾಮನ್‌ವೆಲ್ತ್ ಪ್ರಜೆಯೆಂಬ ಕಾರಣಕ್ಕೆ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಪರದೇಶದ ಸಂಸತ್ತಿಗೆ ಅವನ ಮತ ಅಂಚೆಯಲ್ಲಿ ಹೋಗುತ್ತದೆ. ತನ್ನ ದೇಶದ ಸಂಸತ್ತಿಗೆ ವಿಮಾನ ಹತ್ತಿ ಬರಬೇಕು.

ಈಗ ಮತ್ತೆ ಸಮುದ್ರಕ್ಕೆ ಬರೋಣ. ಕಾರವಾರದ ಅರ್ಗಾದಲ್ಲಿ ನೌಕಾನೆಲೆಯಿದೆ. ಅದನ್ನು ಕಟ್ಟಿದ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟುಕೊಟ್ಟವು. ಅವರಲ್ಲಿ ಮೀನುಗಾರರು ಬಹಳ. ಆ ನೆಲೆಯಲ್ಲಿರುವ ನಾವಿಕ ಬಿಹಾರದವನಿರಲಿ, ಪಂಜಾಬಿನವನಿರಲಿ, ಸೇವಾ ಮತದಾರನಾಗಿ ನೋಂದಾಯಿಸಿಕೊಂಡರೆ ಅವನ ಊರಿನ ಮತಪತ್ರ ವಿದ್ಯುನ್ಮಾನ ಮಾರ್ಗದಲ್ಲಿ ಅವನಿದ್ದಲ್ಲಿಗೆ ಬರುತ್ತದೆ. 2016ರಿಂದ ಈ ವ್ಯವಸ್ಥೆಯಿದೆ. ಅದು ಇರಲೇಬೇಕು. ಆದರೆ ಅದೇ ಕಡಲಿನಲ್ಲಿ, ಅದೇ ದಿನ, ದೇಶಕ್ಕೆ ಆಹಾರ ತರಲು ಹೋದವನಿಗೆ ಅದರ ನೂರರಲ್ಲೊಂದು ಪಾಲು ಯೋಚನೆಯೂ ನಡೆದಿಲ್ಲವೆಂಬುದು ನನ್ನನ್ನು ಕಾಡುತ್ತದೆ.

ಜಪಾನ್ ಈ ಯೋಚನೆ ಮಾಡಿತು. ತಿಂಗಳುಗಟ್ಟಲೆ ಟ್ಯೂನಾ ಹಿಡಿಯಲು ಹೋಗುವ ಹಡಗುಗಳವರಿಗೂ ವ್ಯಾಪಾರಿ ಹಡಗುಗಳ ಸಿಬ್ಬಂದಿಗೂ 2000ನೆಯ ಇಸವಿಯ ಸಂಸತ್ ಚುನಾವಣೆಯಿಂದ ಹಡಗಿನಲ್ಲಿಯೇ ಮತ ಹಾಕಿ ಫ್ಯಾಕ್ಸ್ ಮೂಲಕ ಕಳುಹಿಸುವ ಅವಕಾಶ ಸಿಕ್ಕಿತು. ದಕ್ಷಿಣ ಕೊರಿಯಾ 2012ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇದನ್ನೇ ತಂದಿತು. ಫ್ಯಾಕ್ಸ್ ಬಂದಲ್ಲಿ ಅದನ್ನು ತೆಗೆದುಕೊಳ್ಳುವ ಸಿಬ್ಬಂದಿಗೆ ಮತ ಯಾರಿಗೆಂದು ಕಾಣಬಾರದಲ್ಲ? ಅದಕ್ಕಾಗಿ ಮತದ ಭಾಗ ಮುಚ್ಚಿದ ಸ್ಥಿತಿಯಲ್ಲಿಯೇ ಹೊರಬರುವಂಥ ಯಂತ್ರ ಬಳಸಿದರು. ಗುಟ್ಟು ಉಳಿಯುವುದಿಲ್ಲ ಎಂಬ ಕಾರಣ ಹೇಳಿ ಕೈಬಿಡಬಹುದಿತ್ತು. ಗುಟ್ಟು ಉಳಿಯುವ ಯಂತ್ರ ಮಾಡಿಕೊಂಡರು. ಎಸ್ಟೋನಿಯಾ 2005ರಿಂದ ಅಂತರ್ಜಾಲದಲ್ಲಿ ಮತ ಪಡೆಯುತ್ತಿದೆ, 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಹಾಗೆಯೇ ಬಂದವು. ಅದು ಪುಟ್ಟ ದೇಶ, ನಮಗೆ ಆ ದಾರಿ ಈಗಲೇ ಬೇಡವೆಂಬುದು ನನ್ನ ಅಭಿಪ್ರಾಯ. ಸೋತವನೂ ನಂಬುವಂತಿರಬೇಕು ಎಣಿಕೆ.

ನಂಬಿಕೆಯ ಪ್ರಶ್ನೆಯೇ, ಇದ್ದಲ್ಲಿಂದಲೇ ತನ್ನ ಊರಿನ ಕ್ಷೇತ್ರಕ್ಕೆ ಮತ ಹಾಕಲೆಂದು ಯೋಚಿಸಿದ ನಮ್ಮ ದೂರಮತದಾನ ಯಂತ್ರವನ್ನು ತಡೆದದ್ದು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳವರೆಗಿನ ಮತ ಪಡೆಯುವ ಮಾದರಿಯನ್ನು ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. 2019ರಲ್ಲಿ 30 ಕೋಟಿ ಮಂದಿ ಮತ ಹಾಕಲಿಲ್ಲವೆಂಬ ಕಳವಳ ಅದರ ಹಿಂದಿತ್ತು. ವಲಸೆ ಕಾರ್ಮಿಕ ಯಾರೆಂದು ಯಾರು ನಿರ್ಧರಿಸುತ್ತಾರೆ, ದೂರದ ಮತಗಟ್ಟೆಯಲ್ಲಿ ಏಜೆಂಟರನ್ನು ಕೂರಿಸುವುದು ಹೇಗೆ ಎಂದು ಪಕ್ಷಗಳು ಕೇಳಿದವು. ಪ್ರಶ್ನೆಗಳು ಸರಿಯಾದವೇ. ಉತ್ತರ ಹುಡುಕುವ ಕೆಲಸ ಮಾತ್ರ ಅಲ್ಲಿಗೇ ನಿಂತಿತು. ಯಂತ್ರವಿಲ್ಲದೆಯೂ ಇದನ್ನು ಮಾಡಿದ ಅನುಭವ ನಮಗಿದೆ: ಕಣಿವೆ ಬಿಟ್ಟ ಕಾಶ್ಮೀರಿ ಪಂಡಿತರಿಗೆ ಜಮ್ಮು ಮತ್ತು ದೆಹಲಿಯಲ್ಲಿ ವಿಶೇಷ ಮತಗಟ್ಟೆಗಳಿವೆ, 2024ರಲ್ಲಿ ಮಣಿಪುರದ ನಿರಾಶ್ರಿತರು ಪರಿಹಾರ ಶಿಬಿರಗಳಿಂದಲೇ ಮತ ಹಾಕಿದರು.

ಹಾಗಾದರೆ ಕರಾವಳಿಗೆ ಏನು ಮಾಡಬಹುದು? ವಯಸ್ಸಾದವರಿಗೂ ಅಗತ್ಯ ಸೇವೆಯವರಿಗೂ ಅಂಚೆ ಮತ ಕೊಡುವ ನಮೂನೆ 12ಡಿ ಈಗಾಗಲೇ ಬಳಕೆಯಲ್ಲಿದೆ. ಆಳಸಮುದ್ರ ಮೀನುಗಾರರನ್ನು ಆ ಪಟ್ಟಿಗೆ ಸೇರಿಸಿ, ಮತದಾನಕ್ಕೆ ಮುಂಚಿನ ವಾರದಲ್ಲಿ ಬಂದರಿನಲ್ಲಿಯೇ ಮತ ಪಡೆಯುವ ಕೇಂದ್ರ ತೆರೆಯಬಹುದು. ಯಾವ ಬೋಟು ಯಾವಾಗ ಹೊರಟಿತು, ಅದರಲ್ಲಿ ಯಾರಿದ್ದಾರೆ ಎಂಬುದು ಬಂದರಿನಲ್ಲಿ ಗೊತ್ತಿರದ ವಿಷಯವೇನಲ್ಲ. ಮೀನುಗಾರರ ಸಂಖ್ಯೆ ಕಡಿಮೆ, ಇಷ್ಟು ಖರ್ಚು ಏಕೆ ಎನ್ನುವವರು 2023ರ ಕುಮಟಾ ಫಲಿತಾಂಶ ನೋಡಲಿ. ಅಲ್ಲಿ ಗೆಲುವಿನ ಅಂತರ ಏಳುನೂರು ಮತಗಳನ್ನೂ ಮುಟ್ಟಲಿಲ್ಲ. ನಮ್ಮ ಬೋಟುಗಳಲ್ಲಿ ದುಡಿಯುವ ಒಡಿಶಾದ, ಜಾರ್ಖಂಡದ ಹುಡುಗರಿಗೆ ಇದರಿಂದ ದಾರಿ ಸಿಗುವುದಿಲ್ಲ, ಅದಕ್ಕೆ ದೂರಮತದಾನವೇ ಬೇಕು.

ಪಟ್ಟಿಯ ಕೆಲಸಕ್ಕಂತೂ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ನಾಲ್ಕು ಅರ್ಹತಾ ದಿನಾಂಕಗಳಲ್ಲಿ ಒಂದಾದ ಜುಲೈ 1 ಬರುವುದು ನಿಷೇಧದ ನಡುವೆಯೇ. ಬೋಟುಗಳೆಲ್ಲ ಲಂಗರು ಹಾಕಿರುತ್ತವೆ, ಗೋವಾಕ್ಕೆ ಮಲ್ಪೆಗೆ ಹೋದವರೂ ಊರಿಗೆ ಮರಳಿರುತ್ತಾರೆ, ಗಂಡಸರು ಜೆಟ್ಟಿಯ ಮೇಲೆ ಕುಳಿತು ಬಲೆ ರಿಪೇರಿ ಮಾಡುತ್ತಿರುತ್ತಾರೆ. ಮನೆಮನೆ ಪರಿಶೀಲನೆ ಕರಾವಳಿಯ ಮತಗಟ್ಟೆಗಳಲ್ಲಿ ನಡೆಯಬೇಕಾದದ್ದು ಆ ಎರಡು ತಿಂಗಳಲ್ಲಿ. ನವೆಂಬರಿನಲ್ಲಿ ಬಾಗಿಲು ತಟ್ಟಿ, ಒಳಗೆ ಯಾರೂ ಸಿಗದೆ, ಹೆಸರಿನ ಮುಂದೆ ಸ್ಥಳಾಂತರಗೊಂಡವರೆಂದು ಬರೆದುಕೊಳ್ಳುವ ಪರಿಸ್ಥಿತಿ ಇಲ್ಲಿಯೂ ಬರುವ ಮೊದಲು ಜಿಲ್ಲಾಡಳಿತ ಈ ಒಂದು ಬೇಡಿಕೆಯನ್ನು ಆಯೋಗಕ್ಕೆ ಲಿಖಿತವಾಗಿ ಕಳುಹಿಸಬೇಕು.